ಕಡುಬಿಸಿಲಿನಲ್ಲಿ ತೋಟದ ಜೀವ ಉಳಿಸಿಕೊಳ್ಳುವ ಬಗೆ

ಮಳೆಯಿಲ್ಲದೆ ವಾರಗಳು ಕಳೆದು, ಹಗಲಿನ ಉಷ್ಣಾಂಶ ದಿನದಿಂದ ದಿನಕ್ಕೆ ಏರುತ್ತ ಹೋದಾಗ ತೋಟದ ಗಿಡಗಳಿಗೆ ಎರಡು ಕಷ್ಟಗಳು ಒಟ್ಟಿಗೆ ಬರುತ್ತವೆ. ಒಂದು ನೀರಿನ ಕೊರತೆ, ಇನ್ನೊಂದು ಶಾಖದ ಹೊಡೆತ. ಎರಡಕ್ಕೂ ನೀರೊಂದೇ ಮದ್ದು ಎಂದು ನಂಬಿ ಬೆಳಗ್ಗೆ ಸಂಜೆ ಪೈಪು ಹಿಡಿದು ನಿಲ್ಲುವವರ ತೋಟಗಳೂ ಒಣಗುವುದುಂಟು. ಅಳತೆಯರಿತು ವಾರಕ್ಕೆ ಎರಡೇ ಬಾರಿ ನೀರುಣಿಸಿದ ತೋಟಗಳು ಉಳಿದುಕೊಳ್ಳುವುದೂ ಉಂಟು. ಈ ವ್ಯತ್ಯಾಸಕ್ಕೆ ಕಾರಣ ತಿಳಿಯಬೇಕಾದರೆ ಗಿಡವು ನೀರನ್ನು ಬಳಸುವ ರೀತಿಯನ್ನು ಮೊದಲು ನೋಡಬೇಕು.

ಬೇರುಗಳು ಹೀರಿಕೊಂಡ ನೀರಿನಲ್ಲಿ ಶೇಕಡ 95ಕ್ಕೂ ಹೆಚ್ಚು ಭಾಗ ಗಿಡದ ಮೈಯಲ್ಲಿ ಉಳಿಯುವುದಿಲ್ಲ. ಎಲೆಗಳಲ್ಲಿರುವ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಹೀಗೆ ಆವಿಯಾಗುವಾಗ ಎಲೆಯ ಶಾಖವೂ ಇಳಿಯುತ್ತದೆ. ಬೇರು ಒದಗಿಸುವ ನೀರು ಎಲೆ ಕಳೆದುಕೊಳ್ಳುವ ನೀರಿಗೆ ಸರಿದೂಗದಿದ್ದಾಗ ಗಿಡವು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರು ಉಳಿಯುತ್ತದೆ ನಿಜ, ಆದರೆ ಎಲೆ ಬಿಸಿಯೇರುತ್ತದೆ, ಮತ್ತು ಅದೇ ರಂಧ್ರಗಳಿಂದ ಒಳಬರಬೇಕಾಗಿದ್ದ ಇಂಗಾಲದ ಡೈಆಕ್ಸೈಡ್ ಬಾರದೆ ಆಹಾರದ ತಯಾರಿಕೆ ನಿಂತುಹೋಗುತ್ತದೆ. ಆದ್ದರಿಂದ ಇಂಥ ದಿನಗಳಲ್ಲಿ ತೋಟದಿಂದ ಬೆಳವಣಿಗೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಹೂವು, ಕಾಯಿ, ಹಸಿರು ಇವುಗಳ ಆಸೆಯನ್ನು ಕೆಲವು ವಾರ ಬದಿಗಿಟ್ಟು, ಬೇರು ಮತ್ತು ಕಾಂಡಗಳನ್ನು ಜೀವಂತವಾಗಿ ಉಳಿಸಿಕೊಳ್ಳುವುದನ್ನಷ್ಟೇ ಗುರಿಯಾಗಿಟ್ಟುಕೊಂಡರೆ, ಮುಂದಿನ ನಿರ್ಧಾರಗಳೆಲ್ಲ ಸುಲಭವಾಗುತ್ತವೆ.

ಮೊದಲ ಹೆಜ್ಜೆ: ಯಾವುದನ್ನು ಉಳಿಸಬೇಕೆಂದು ತೀರ್ಮಾನಿಸಿ

ನೀರು ಧಾರಾಳವಾಗಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಆದರೆ ಬರದ ದಿನಗಳಲ್ಲಿ ನೀರಿಗೂ ಸಮಯಕ್ಕೂ ಮಿತಿಯಿರುತ್ತದೆ. ಎಲ್ಲ ಗಿಡಗಳಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವುದಕ್ಕೂ ಸಾಲದೆ ಹೋಗುವ ಸಂಭವವೇ ಹೆಚ್ಚು. ಕಳೆದುಹೋದರೆ ಮತ್ತೆ ಪಡೆಯಲು ಎಷ್ಟು ಕಾಲ ಬೇಕು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಅತ್ಯಂತ ಸರಿಯಾದ ಕ್ರಮ.

ಆ ಲೆಕ್ಕದಲ್ಲಿ ಮೊದಲ ಸ್ಥಾನ ಕಳೆದ ಒಂದೆರಡು ವರ್ಷಗಳಲ್ಲಿ ನೆಟ್ಟ ಮರದ ಸಸಿಗಳಿಗೆ ಮತ್ತು ಪೊದೆಗಿಡಗಳಿಗೆ ಸಲ್ಲಬೇಕು, ಏಕೆಂದರೆ ಅವುಗಳ ಬೇರು ಇನ್ನೂ ಹರಡಿಕೊಂಡಿರುವುದಿಲ್ಲ. ಅನಂತರ ದೊಡ್ಡ ಮರಗಳು ಬರುತ್ತವೆ. ದೊಡ್ಡ ಮರ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ, ದೀರ್ಘ ಬರಗಾಲದಲ್ಲಿ ಅದು ಪೂರ್ತಿ ನಿಜವಲ್ಲ. ಮರಕ್ಕೆ ಆದ ಹಾನಿ ಕೂಡಲೇ ಕಾಣದೆ, ಒಂದೆರಡು ವರ್ಷಗಳ ನಂತರ ಕೊಂಬೆ ಒಣಗುವುದರಲ್ಲೋ ಕಾಂಡ ಕೊರೆಯುವ ಹುಳುಗಳ ಕಾಟದಲ್ಲೋ ಬಯಲಾಗುತ್ತದೆ. ಮೂರನೆಯದಾಗಿ ಬಹುವಾರ್ಷಿಕ ಹೂಗಿಡಗಳು, ಈಗಾಗಲೇ ಕಾಯಿ ಹಿಡಿದಿರುವ ತರಕಾರಿ ಗಿಡಗಳು. ಒಂದೇ ಋತುವಿನಲ್ಲಿ ಬಾಳಿ ಮುಗಿಯುವ ಹೂಗಿಡಗಳನ್ನು ಮತ್ತು ಹೂವಿಗೆ ತಿರುಗಿ ಕಹಿಯಾಗುತ್ತಿರುವ ಸೊಪ್ಪುಗಳನ್ನು ನಿರ್ದಾಕ್ಷಿಣ್ಯವಾಗಿ ಬಿಟ್ಟುಕೊಡಬಹುದು.

ಹುಲ್ಲುಹಾಸು ಈ ಪಟ್ಟಿಯ ಕೊನೆಯಲ್ಲಿರಬೇಕು. ನೀರು ನಿಂತಾಗ ಹಲವು ಜಾತಿಯ ಹುಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಸುಪ್ತಾವಸ್ಥೆಗೆ ಹೋಗುತ್ತವೆ. ಎಲೆ ಒಣಗಿದರೂ ಬುಡದ ಮೊಳಕೆಭಾಗ ಜೀವಂತವಾಗಿದ್ದು, ಮಳೆ ಬಂದಾಗ ಚಿಗುರುತ್ತದೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ 10ರಿಂದ 12 ಮಿಲಿಮೀಟರ್ ನೀರು ಸಿಕ್ಕರೂ ಆ ಬುಡಗಳು ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಒಂದು ವಾರ ನೀರು ಹಾಕಿ ಹಸಿರಾಗಿಸಿ, ಮರುವಾರ ಮರೆತು, ಮತ್ತೆ ಹಸಿರಾಗಿಸಲು ಹೊರಡುವುದು ಹುಲ್ಲಿನ ಸಂಗ್ರಹಶಕ್ತಿಯನ್ನೆಲ್ಲ ಕರಗಿಸಿಬಿಡುತ್ತದೆ. ಕತ್ತರಿಸಲೇಬೇಕಾದರೆ 7ರಿಂದ 8 ಸೆಂಟಿಮೀಟರ್ ಎತ್ತರ ಬಿಟ್ಟು ಕತ್ತರಿಸಿ, ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ.

ಎರಡನೆಯ ಹೆಜ್ಜೆ: ಎಲೆಯನ್ನಲ್ಲ, ಮಣ್ಣನ್ನು ನೋಡಿ

ಮಧ್ಯಾಹ್ನದ ಹೊತ್ತಿಗೆ ಎಲೆ ಜೋತುಬಿದ್ದ ಮಾತ್ರಕ್ಕೆ ಗಿಡಕ್ಕೆ ನೀರಿಲ್ಲವೆಂದು ಅರ್ಥವಲ್ಲ. ಕುಂಬಳ, ಸೌತೆಯಂಥ ಅಗಲ ಎಲೆಯ ಬಳ್ಳಿಗಳು ಮಣ್ಣು ಹಸಿಯಾಗಿದ್ದರೂ ಬಿಸಿಲಿನ ಹೊತ್ತಿಗೆ ಬಾಡುತ್ತವೆ, ಏಕೆಂದರೆ ಎಲೆ ಕಳೆದುಕೊಳ್ಳುವ ವೇಗಕ್ಕೆ ಬೇರು ಹೀರುವ ವೇಗ ಸಾಲುವುದಿಲ್ಲ. ಸಂಜೆಯ ತಂಪಿಗೆ ಅವು ತಾವಾಗಿಯೇ ಎದ್ದು ನಿಲ್ಲುತ್ತವೆ. ಬೆಳಗಿನ ಜಾವದಲ್ಲೂ ಎಲೆ ಬಾಡಿದ್ದರೆ ಮಾತ್ರ ಅದು ನಿಜವಾದ ಎಚ್ಚರಿಕೆ.

ಮಣ್ಣನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ಕುಂಡಗಳಲ್ಲಿ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿದರೆ ಸಾಕು. ನೆಲದ ಗಿಡಗಳ ಬಳಿ ಉದ್ದನೆಯ ಸ್ಕ್ರೂಡ್ರೈವರನ್ನೋ ತೆಳ್ಳಗಿನ ಕಬ್ಬಿಣದ ಸಲಾಕೆಯನ್ನೋ ಒತ್ತಿ ನೋಡಿ. ತೇವವಿರುವಷ್ಟು ಆಳಕ್ಕೆ ಅದು ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ಸಿಕ್ಕಲ್ಲಿ ತಡೆಯುತ್ತದೆ. ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿ ಬಿರುಕುಬಿಟ್ಟಿದ್ದರೂ ಅದರ ಕೆಳಗೆ ಸಾಕಷ್ಟು ಹಸಿ ಇರುವುದು ಅಪರೂಪವೇನಲ್ಲ. ಮಣ್ಣು ಹಸಿಯಾಗಿದ್ದೂ ಗಿಡ ಬೆಳಗ್ಗೆಯೇ ಬಾಡಿದ್ದರೆ ಇನ್ನಷ್ಟು ನೀರು ಸುರಿಯುವುದು ಅಪಾಯಕರ. ಗಾಳಿಯಾಡದೆ ಬೇರು ಕೊಳೆಯುತ್ತಿರುವ ಸಾಧ್ಯತೆಯಿರುತ್ತದೆ, ಕೊಳೆತ ಬೇರು ನೀರನ್ನು ಹೀರಲಾರದು.

ಮೂರನೆಯ ಹೆಜ್ಜೆ: ನೀರು ಎಷ್ಟು, ಎಲ್ಲಿ, ಯಾವಾಗ

ನೀರಿನ ಲೆಕ್ಕ ತುಂಬ ಸರಳವಾದದ್ದು. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಹಾಕಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಸಾಧಾರಣ ಹವೆಯಲ್ಲಿ ತರಕಾರಿ ಮಡಿಗೆ ವಾರಕ್ಕೆ 25 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 25 ಲೀಟರ್, ಸಾಕಾಗುತ್ತದೆಂಬುದು ತೋಟಗಾರರಲ್ಲಿ ರೂಢಿಯಲ್ಲಿರುವ ಅಂದಾಜು. ಬಿಸಿಗಾಳಿಯ ದಿನಗಳಲ್ಲಿ ಎಲೆ ತುಂಬಿದ ಮಡಿಯೊಂದು ದಿನಕ್ಕೆ 6ರಿಂದ 8 ಮಿಲಿಮೀಟರ್‌ವರೆಗೂ ಕಳೆದುಕೊಳ್ಳಬಲ್ಲದು; ಆಗ ಅದೇ ಮಡಿಗೆ ವಾರಕ್ಕೆ ಚದರ ಮೀಟರಿಗೆ 40 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಪೈಪಿನಿಂದ ನೀರು ಹಾಕುವವರು ಒಮ್ಮೆ ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿಟ್ಟುಕೊಂಡರೆ, ತಾವು ಕೊಡುತ್ತಿರುವುದು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ. ಹೆಚ್ಚಿನವರಿಗೆ ಆ ಉತ್ತರ ಆಶ್ಚರ್ಯವನ್ನೇ ತರುತ್ತದೆ.

ಹನಿ ನೀರಾವರಿಯ ವಿಷಯದಲ್ಲೂ ಇದೇ ಎಡವಟ್ಟು ಆಗುತ್ತದೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರನ್ನು ಹತ್ತು ನಿಮಿಷ ಹರಿಸಿದರೆ ಗಿಡಕ್ಕೆ ಸಿಗುವುದು 700 ಮಿಲಿಲೀಟರಿಗಿಂತ ಕಡಿಮೆ. ನೆಲದ ಮೇಲ್ಮೈ ಒದ್ದೆಯಾಗಿ ಕಾಣುವುದರಿಂದ ಕೆಲಸ ಮುಗಿಯಿತೆಂದು ತೋರುತ್ತದೆ, ಆದರೆ ಆ ನೀರು ಬೇರನ್ನು ಮುಟ್ಟುವ ಮೊದಲೇ ಆವಿಯಾಗಿರುತ್ತದೆ. ಸಸಿಯ ಬುಡಕ್ಕೆ 16 ಲೀಟರ್ ಸೇರಬೇಕೆಂದಿದ್ದರೆ ಅಂಥ ಎರಡು ಡ್ರಿಪ್ಪರ್‌ಗಳನ್ನು ಎರಡು ಗಂಟೆ ಕಾಲ ಹರಿಸಬೇಕು.

ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಅಭ್ಯಾಸವು ಬೇರುಗಳನ್ನು ಮಣ್ಣಿನ ಮೇಲ್ಪದರದಲ್ಲೇ ಉಳಿಸುತ್ತದೆ, ಬಿಸಿಲಿಗೆ ಮೊದಲು ಕಾಯುವುದೂ ಒಣಗುವುದೂ ಆ ಪದರವೇ. ಆಳಕ್ಕೆ ಇಳಿಯುವಂತೆ ಒಮ್ಮೆ ಕೊಟ್ಟು, ಮೇಲ್ಮಣ್ಣು ಒಣಗುವವರೆಗೆ ಬಿಟ್ಟು, ಮತ್ತೆ ಕೊಡುವುದು ಒಳ್ಳೆಯದು. ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮಣ್ಣಿನ ಗುಣವನ್ನು ಅವಲಂಬಿಸಿದೆ: 25 ಮಿಲಿಮೀಟರ್ ನೀರು ಒಣ ಮರಳುಮಣ್ಣಿನಲ್ಲಿ ಸುಮಾರು 30 ಸೆಂಟಿಮೀಟರ್ ಇಳಿದರೆ, ಜೇಡಿಮಣ್ಣಿನಲ್ಲಿ ಅದರ ಅರ್ಧದಷ್ಟೂ ಇಳಿಯಲಾರದು. ಮರಳುಮಣ್ಣು ಬೇಗ ಒಣಗುವುದರಿಂದ ಅಲ್ಲಿ ಕಡಿಮೆ ಅಂತರದಲ್ಲಿ ಹೆಚ್ಚು ಬಾರಿ ಕೊಡಬೇಕಾಗುತ್ತದೆ. ಜೇಡಿಮಣ್ಣಿಗೆ ನಿಧಾನವಾಗಿ, ಹರಿದುಹೋಗಲು ತೊಡಗಿದೊಡನೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೊಡಬೇಕು. ಆದರೆ ಬೀಜ ಮೊಳೆಯುತ್ತಿರುವ ಮಡಿಗಳನ್ನು ಮತ್ತು ಎಳೆ ಸಸಿಗಳನ್ನು ಈ ನಿಯಮದಿಂದ ಹೊರಗಿಡಬೇಕು, ಅವುಗಳ ಬೇರು ಮೇಲ್ಪದರ ಬಿಟ್ಟು ಬೇರೆಲ್ಲೂ ಇರುವುದಿಲ್ಲವಾದ್ದರಿಂದ ದಿನವೂ ತೇವ ಬೇಕು.

ನೀರು ಬೀಳುವ ಜಾಗವೂ ಮುಖ್ಯ. ದೊಡ್ಡ ಮರದ ಕಾಂಡಕ್ಕೆ ತಾಗಿಸಿ ನೀರು ಸುರಿಯುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ನೀರು ಹೀರುವ ಸಣ್ಣ ಬೇರುಗಳು ಕೊಂಬೆಗಳ ಹರವಿನ ಅಂಚಿನಲ್ಲಿ ಮತ್ತು ಅದರಾಚೆ, ಬಹುತೇಕ ಮೇಲಿನ 30ರಿಂದ 60 ಸೆಂಟಿಮೀಟರ್ ಆಳದೊಳಗೇ ಇರುತ್ತವೆ. ಕೊಂಬೆಗಳ ಅಂಚಿನ ನೇರಕ್ಕೆ ನೆಲದಲ್ಲಿ ಪೈಪನ್ನು ಸಣ್ಣಗೆ ಬಿಟ್ಟು, ಗಂಟೆಗೊಮ್ಮೆ ಜಾಗ ಬದಲಿಸುತ್ತ ಹೋದರೆ ತಿಂಗಳಿಗೆ ಎರಡು ಮೂರು ಬಾರಿ ಕೊಟ್ಟರೂ ಸಾಕಾಗುತ್ತದೆ. ಹೊಸದಾಗಿ ನೆಟ್ಟ ಸಸಿಯದು ಇದಕ್ಕೆ ವಿರುದ್ಧವಾದ ಸ್ಥಿತಿ. ಅದರ ಬೇರುಗಳೆಲ್ಲ ನರ್ಸರಿಯಿಂದ ಬಂದ ಮಣ್ಣಿನ ಮುದ್ದೆಯೊಳಗೇ ಇರುತ್ತವೆ. ಸುತ್ತಲಿನ ನೆಲ ಒದ್ದೆಯಾಗಿದ್ದು ಆ ಮುದ್ದೆ ಮಾತ್ರ ಒಣಗಿರುವುದರಿಂದ ಸಾಯುವ ಸಸಿಗಳು ಬಹಳ. ಆದ್ದರಿಂದ ಬುಡದ ಸುತ್ತ ಮಣ್ಣಿನ ಒಡ್ಡು ಏರಿಸಿ ಪಾತಿ ಮಾಡಿ, ನೀರು ನಿಧಾನವಾಗಿ ಆ ಮುದ್ದೆಯೊಳಗೇ ಇಳಿಯುವಂತೆ ನೋಡಿಕೊಳ್ಳಬೇಕು.

ಹೊತ್ತಿನ ವಿಷಯದಲ್ಲಿ ಬೆಳಗಿನ ಜಾವವೇ ಉತ್ತಮ. ಗಾಳಿ ಕಡಿಮೆಯಿರುತ್ತದೆ, ಮಣ್ಣು ತಂಪಾಗಿರುತ್ತದೆ, ಬಿಸಿಲೇರುವ ಮೊದಲು ಗಿಡ ತುಂಬಿಕೊಂಡಿರುತ್ತದೆ. ಸಂಜೆಯೂ ಆಗಬಹುದು, ಆದರೆ ಎಲೆಗಳನ್ನು ನೆನೆಸದೆ ಬುಡಕ್ಕಷ್ಟೇ ಹಾಕಬೇಕು. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಶಿಲೀಂಧ್ರ ರೋಗ ತಗಲುವುದು ಸುಲಭ. ಮಧ್ಯಾಹ್ನ ನೀರು ಹಾಕಿದರೆ ಎಲೆಯ ಮೇಲಿನ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಎಲೆಯನ್ನು ಸುಡುತ್ತದೆ ಎಂಬ ಮಾತು ನಯವಾದ ಎಲೆಗಳ ಮಟ್ಟಿಗೆ ನಿಜವಲ್ಲ. ಹನಿ ಎಲೆಗೆ ಅಂಟಿಕೊಂಡೇ ಇರುವುದರಿಂದ ಬೆಳಕು ಎಲೆಯ ಮೇಲ್ಮೈಯಲ್ಲಿ ಕೇಂದ್ರೀಕರಿಸುವುದಿಲ್ಲ. ನಡುಹಗಲಿನಲ್ಲಿ ಬೇಡವೆನ್ನಲು ನಿಜವಾದ ಕಾರಣ ಆವಿಯಾಗಿ ಆಗುವ ನಷ್ಟ. ಮಣ್ಣು ಒಣಗಿ ಗಿಡ ಸೊರಗಿ ನಿಂತಿರುವಾಗ ಸಂಜೆಯವರೆಗೆ ಕಾಯುವುದು ಯಾವ ಶಾಸ್ತ್ರವೂ ಅಲ್ಲ, ಆಗಲೇ ನೀರು ಕೊಡಬೇಕು. ಒಂದೇ ಎಚ್ಚರಿಕೆ ಎಂದರೆ, ಬಿಸಿಲಲ್ಲಿ ಬಿದ್ದಿರುವ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು ತಣಿದ ಮೇಲೆ ಬಳಸಿ.

ನಾಲ್ಕೈದು ದಿನ ತೋಟದ ಕಡೆ ನೋಡಲಾಗದವರಿಗೆ ಹೂತಿಟ್ಟ ಮಡಕೆಯ ವಿಧಾನ ಬಹಳ ಅನುಕೂಲ. ಮೆರುಗು ಕೊಡದ ಮಣ್ಣಿನ ಮಡಕೆಯನ್ನು ಕುತ್ತಿಗೆ ಮಾತ್ರ ಮೇಲಿರುವಂತೆ ಗಿಡಗಳ ನಡುವೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಂತೆ ಮಡಕೆಯ ಮೈಯಿಂದ ನೀರು ಜಿನುಗುತ್ತದೆ, ಮಣ್ಣು ಹಸಿಯಾಗಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಚೀನಾದಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ. ಅಂದಿನಿಂದ ಇಂದಿನವರೆಗೆ ಇದಕ್ಕೆ ಸೇರಿಸಬೇಕಾದದ್ದು ಏನೂ ಇಲ್ಲವೆನ್ನಬಹುದು.

ನಾಲ್ಕನೆಯ ಹೆಜ್ಜೆ: ನೆಲವನ್ನು ಬರಿದಾಗಿ ಬಿಡಬೇಡಿ

ಒಂದೇ ಒಂದು ಕೆಲಸಕ್ಕೆ ಮಾತ್ರ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಬಿಸಿಲಿಗೆ ತೆರೆದಿರುವ ಬರಿಯ ಮಣ್ಣಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಬೇಸಿಗೆಯಲ್ಲಿ ಸಾಮಾನ್ಯ. ಆ ಶಾಖಕ್ಕೆ ಮೇಲ್ಪದರದ ಬೇರುಗಳು ಸಾಯುತ್ತವೆ, ಎರೆಹುಳುಗಳು ಆಳಕ್ಕೆ ಇಳಿದುಬಿಡುತ್ತವೆ. ಒಣ ತರಗೆಲೆ, ಹುಲ್ಲು, ಕಾಂಪೋಸ್ಟ್, ಮರದ ಚಕ್ಕೆ, ಕತ್ತರಿಸಿದ ಕಳೆ, ಏನು ಸಿಕ್ಕಿದರೂ ಅದನ್ನು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಮಣ್ಣು ತಂಪಾಗಿರುವುದಷ್ಟೇ ಅಲ್ಲ, ನೀರು ಕೊಡುವ ಅಂತರವನ್ನೂ ಹಿಗ್ಗಿಸಬಹುದು. ಒರಟಾದ ಮರದ ಚಕ್ಕೆಯಾದರೆ 10 ಸೆಂಟಿಮೀಟರ್‌ವರೆಗೂ ಆಗಬಹುದು.

ಹೊದಿಕೆ ಹಾಕುವುದರಲ್ಲಿ ಕೆಲವು ಸೂಕ್ಷ್ಮಗಳಿವೆ. ಮೊದಲು ನೆಲವನ್ನು ಆಳಕ್ಕೆ ನೆನೆಸಿ, ಅನಂತರ ಹೊದಿಸಬೇಕು. ಒಣಮಣ್ಣಿನ ಮೇಲೆ ಹೊದಿಸಿದರೆ ಅದು ಒಣತನವನ್ನೇ ಕಾಪಾಡುತ್ತದೆ, ಸಣ್ಣಪುಟ್ಟ ಮಳೆಯ ನೀರನ್ನೂ ತಾನೇ ಕುಡಿದು ಕೆಳಗೆ ಬಿಡುವುದಿಲ್ಲ. ಹನಿ ನೀರಾವರಿಯ ಕೊಳವೆಗಳು ಹೊದಿಕೆಯ ಕೆಳಗಿರಬೇಕು. ಕಾಂಡದಿಂದ ನಾಲ್ಕೈದು ಬೆರಳಗಲ ಜಾಗ ಬಿಡಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ, ಗೆದ್ದಲಿರುವ ಕಡೆ ಅವು ನೇರವಾಗಿ ಕಾಂಡವನ್ನೇ ಏರುತ್ತವೆ. ಆಗತಾನೆ ಕತ್ತರಿಸಿದ ಹಸಿ ಹುಲ್ಲನ್ನು ದಪ್ಪವಾಗಿ ಹಾಕಿದರೆ ಅದು ಮುದ್ದೆಗಟ್ಟಿ ಕಾವೇರುತ್ತದೆ. ತೆಳುವಾಗಿ ಹರಡಿ, ಒಣಗಿದ ಮೇಲೆ ಇನ್ನೊಂದು ಪದರ ಹಾಕಬೇಕು. ಜಲ್ಲಿಕಲ್ಲು ಮತ್ತು ಕಪ್ಪು ಪ್ಲಾಸ್ಟಿಕ್ ಹಾಳೆಗಳು ತೇವವನ್ನು ಹಿಡಿದಿಟ್ಟರೂ ಶಾಖವನ್ನು ಕೂಡಿಹಾಕುವುದರಿಂದ ಈ ಕಾಲಕ್ಕೆ ಸಲ್ಲವು. ಕಾಳ್ಗಿಚ್ಚಿನ ಭಯವಿರುವ ಪ್ರದೇಶದಲ್ಲಿ ಗೋಡೆಗೆ ತಾಗಿದಂತೆ ಒಣಹುಲ್ಲನ್ನು ಹರಡಬಾರದು.

ಕಳೆಗಳು ನೀರಿನ ಕಳ್ಳರೆಂಬುದು ಸರಿ, ಆದರೆ ಬಿಸಿಲಿನಲ್ಲಿ ಅವನ್ನು ಬೇರುಸಹಿತ ಕೀಳುವುದರಿಂದ ಮಣ್ಣು ಕೆದರಿ ಇನ್ನಷ್ಟು ಒಣಗುತ್ತದೆ. ಬೀಜ ಕಟ್ಟುವ ಮೊದಲೇ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಹೊದಿಕೆಯಾಗಿ ಬಿಟ್ಟರೆ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ.

ಐದನೆಯ ಹೆಜ್ಜೆ: ನೆರಳು ಮತ್ತು ಗಾಳಿತಡೆ

ನೀರು ಎಷ್ಟೇ ಕೊಟ್ಟರೂ ಒಂದು ಹಂತದ ಶಾಖವನ್ನು ಎಲೆ ತಡೆದುಕೊಳ್ಳಲಾರದು, ಆಗ ಕೆಲಸಕ್ಕೆ ಬರುವುದು ನೆರಳೊಂದೇ. ತರಕಾರಿ ಗಿಡಗಳಿಗೆ ಶೇಕಡ 30ರಿಂದ 50ರಷ್ಟು ಬಿಸಿಲು ತಡೆಯುವ ನೆರಳು ಬಲೆ ಸಾಕು. ಅದಕ್ಕಿಂತ ದಟ್ಟವಾದದ್ದು ಹೂವು ಕಾಯಿ ಕಟ್ಟುವುದನ್ನು ಕುಗ್ಗಿಸುತ್ತದೆ. ಎಳೆ ಸಸಿಗಳಿಗೂ ನೆರಳನ್ನೇ ಬಯಸುವ ಗಿಡಗಳಿಗೂ ಇನ್ನೂ ದಟ್ಟವಾದದ್ದು ಆಗಬಹುದು. ಬಲೆಯನ್ನು ಗಿಡದ ಮೇಲೆ ನೇರವಾಗಿ ಹೊದಿಸದೆ, ಕಂಬ ನೆಟ್ಟು ತುದಿಗಿಂತ ಒಂದಡಿಯಾದರೂ ಮೇಲಿರುವಂತೆ ಕಟ್ಟಿ, ಬದಿಗಳನ್ನು ಗಾಳಿಯಾಡಲು ತೆರೆದಿಡಬೇಕು. ಬಲೆಯಿಲ್ಲದಿದ್ದರೆ ಹಳೆಯ ತೆಳು ಬಿಳಿ ಬಟ್ಟೆಯೂ ನಡೆಯುತ್ತದೆ. ಇಡೀ ದಿನ ನೆರಳು ಕೊಡಲಾಗದಿದ್ದರೆ ಪಡುವಣ ದಿಕ್ಕಿನ ಬಿಸಿಲನ್ನಾದರೂ ತಡೆಯಿರಿ, ಏಕೆಂದರೆ ಆ ಬಿಸಿಲು ಬೀಳುವ ಹೊತ್ತಿಗೆ ಗಾಳಿಯೂ ದಿನದ ಗರಿಷ್ಠ ಶಾಖವನ್ನು ಮುಟ್ಟಿರುತ್ತದೆ. ಬಿಸಿ ಅಲೆ ಕಳೆದ ಮೇಲೆ ಬಲೆಯನ್ನು ಒಮ್ಮೆಗೇ ತೆಗೆಯದೆ, ದಿನಕ್ಕೆ ಕೆಲವು ಗಂಟೆಯಂತೆ ತೆರೆದು ಗಿಡವನ್ನು ಬಿಸಿಲಿಗೆ ಒಗ್ಗಿಸಬೇಕು.

ಎಳೆಯ ಮರಗಳ ಕಾಂಡಕ್ಕೂ ಬಿಸಿಲು ಹೊಡೆಯುತ್ತದೆ. ಪಶ್ಚಿಮಕ್ಕೆ ತೆರೆದ ಭಾಗದಲ್ಲಿ ತೊಗಟೆ ಸುಟ್ಟು, ಸೀಳಿ, ಅಲ್ಲಿಂದ ಹುಳುಗಳು ಒಳಹೊಕ್ಕುತ್ತವೆ. ಸುಣ್ಣವನ್ನಾಗಲಿ, ಅಷ್ಟೇ ನೀರು ಬೆರೆಸಿ ತೆಳುಮಾಡಿದ ನೀರಿನಾಧಾರದ ಬಿಳಿ ಬಣ್ಣವನ್ನಾಗಲಿ ಕಾಂಡಕ್ಕೆ ಬಳಿದರೆ ಇದನ್ನು ತಪ್ಪಿಸಬಹುದು. ಎಣ್ಣೆಯಾಧಾರದ ಬಣ್ಣ ಬೇಡ.

ಬಿಸಿಗಾಳಿ ಎಲೆಯ ಸುತ್ತಲಿನ ತೇವದ ಪದರವನ್ನು ಕೊಚ್ಚಿಕೊಂಡು ಹೋಗುವುದರಿಂದ ಗಿಡ ಇಮ್ಮಡಿ ವೇಗದಲ್ಲಿ ಒಣಗಿದಂತೆ ಕಾಣುತ್ತದೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಪೂರ್ತಿ ಮುಚ್ಚಿದ ಗೋಡೆ ಕಟ್ಟುವುದಕ್ಕಿಂತ, ಅರ್ಧದಷ್ಟು ಗಾಳಿಯನ್ನು ಒಳಬಿಡುವ ತಟ್ಟಿ, ಬಲೆ ಅಥವಾ ಬೇಲಿಗಿಡಗಳ ಸಾಲು ಒಳ್ಳೆಯದು. ಗೋಡೆಯನ್ನು ಹಾರಿದ ಗಾಳಿ ಆಚೆ ಬದಿಗೆ ಸುಳಿಯಾಗಿ ಬೀಳುತ್ತದೆ. ಸೋಸಿ ಬಂದ ಗಾಳಿ ಮಾತ್ರ ನಿಜವಾಗಿ ಶಾಂತವಾಗಿರುತ್ತದೆ. ಒಳ್ಳೆಯ ಗಾಳಿತಡೆಯ ಪ್ರಭಾವ ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ ಇರುತ್ತದೆ.

ಆರನೆಯ ಹೆಜ್ಜೆ: ಕುಂಡದ ಗಿಡಗಳನ್ನು ಬೇರೆಯಾಗಿ ನೋಡಿಕೊಳ್ಳಿ

ನೆಲದ ಗಿಡದ ಬೇರು ತಂಪು ಹುಡುಕಿ ಆಳಕ್ಕೆ ಇಳಿಯಬಲ್ಲದು, ಕುಂಡದ ಗಿಡಕ್ಕೆ ಆ ದಾರಿಯಿಲ್ಲ. ಬಿಸಿಲಿಗಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಮೈಯ ಮಣ್ಣು 40 ಡಿಗ್ರಿ ದಾಟುತ್ತದೆ, ಆ ಶಾಖದಲ್ಲಿ ಬೇರುಗಳಿಗೆ ಹಾನಿ ಶುರುವಾಗುತ್ತದೆ. ಕುಂಡಗಳನ್ನು ನೆರಳಿಗೆ ಸರಿಸಿ ಒತ್ತೊತ್ತಾಗಿ ಜೋಡಿಸಿ, ದೊಡ್ಡವನ್ನು ಪಶ್ಚಿಮದ ಅಂಚಿಗೂ ಸಣ್ಣವನ್ನು ಒಳಗೂ ಇಡಿ. ಸರಿಸಲಾಗದ ಕುಂಡಗಳಿಗೆ ಗೋಣಿಚೀಲ ಸುತ್ತಬಹುದು, ಅಥವಾ ಇನ್ನೂ ದೊಡ್ಡ ಕುಂಡದೊಳಗೆ ಇಳಿಸಿ ನಡುವಿನ ಜಾಗಕ್ಕೆ ತರಗೆಲೆ ತುಂಬಬಹುದು. ಕಾದ ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಇಡದೆ ಮರದ ತುಂಡುಗಳ ಮೇಲೆ ಏರಿಸಿಡಿ. ಮೆರುಗಿಲ್ಲದ ಮಣ್ಣಿನ ಕುಂಡ ತನ್ನ ಮೈಯಿಂದಲೂ ನೀರನ್ನು ಆವಿಯಾಗಿಸುವುದರಿಂದ ತಂಪಾಗಿರುತ್ತದೆ, ಆದರೆ ಅಷ್ಟೇ ಬೇಗ ಒಣಗುತ್ತದೆ. ಸಣ್ಣ ಕುಂಡಗಳಿಗೂ ತೂಗುಬುಟ್ಟಿಗಳಿಗೂ ದಿನಕ್ಕೆ ಎರಡು ಬಾರಿ ನೀರು ಬೇಕಾಗಬಹುದು.

ಒಮ್ಮೆ ಪೂರ್ತಿ ಒಣಗಿದ ಕುಂಡದ ಮಿಶ್ರಣ, ಅದರಲ್ಲೂ ಪೀಟ್ (ಜೌಗುನೆಲದಲ್ಲಿ ಕೊಳೆತ ಪಾಚಿ) ಹೆಚ್ಚಿರುವುದು, ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಮೇಲಿನಿಂದ ಹಾಕಿದ ನೀರು ಆ ಸಂದಿಯಲ್ಲೇ ಇಳಿದು ಕೆಳಗಿನ ತೂತಿನಿಂದ ಹೊರಬರುತ್ತದೆ, ನೀರು ಸಾಕಾಯಿತೆಂದು ನಾವು ತಿಳಿಯುತ್ತೇವೆ, ಒಳಗಿನ ಬೇರು ಮಾತ್ರ ಒಣಗಿಯೇ ಇರುತ್ತದೆ. ಇಂಥ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ, ಅಂದಾಜು ಅರ್ಧ ಗಂಟೆ, ಅದ್ದಿಟ್ಟು ತೆಗೆಯುವುದೇ ಸರಿಯಾದ ಪರಿಹಾರ. ಕೆಳಗೆ ತಟ್ಟೆಯಿಟ್ಟಿದ್ದರೆ ಉಳಿದ ನೀರನ್ನು ಚೆಲ್ಲಿಬಿಡಿ, ಸೊಳ್ಳೆಗಳಿಗೆ ಅದೊಂದು ತವರು. ದಪ್ಪ ಎಲೆಯ ರಸಭರಿತ ಗಿಡಗಳಲ್ಲಿ ಹಲವು ಅತಿಯಾದ ಶಾಖದಲ್ಲಿ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಬಿಸಿಲೆಂದು ಕನಿಕರಿಸಿ ಅವಕ್ಕೆ ಹೆಚ್ಚು ನೀರು ಹಾಕಿದರೆ ಕೊಳೆತುಹೋಗುತ್ತವೆ.

ಏಳನೆಯ ಹೆಜ್ಜೆ: ಕೆಲವು ಕೆಲಸಗಳನ್ನು ನಿಲ್ಲಿಸಿ

ಗಿಡ ಸೊರಗಿದೆಯೆಂದು ಗೊಬ್ಬರ ಹಾಕುವುದು ಬಹಳ ಜನ ಮಾಡುವ ಕೆಲಸ. ರಾಸಾಯನಿಕ ಗೊಬ್ಬರ ಎಂದರೆ ಲವಣ. ಒಣಮಣ್ಣಿನಲ್ಲಿ ಅದು ಬೇರಿಗೆ ಸಿಗುವ ನೀರನ್ನು ಇನ್ನಷ್ಟು ಬಿಗಿಹಿಡಿಯುತ್ತದೆ, ಅಂಚು ಸುಟ್ಟ ಎಲೆಗಳಲ್ಲಿ ಅದರ ಫಲ ಕಾಣುತ್ತದೆ. ಸಾರಜನಕ ಕೊಟ್ಟು ಎಬ್ಬಿಸಿದ ಎಳೆ ಚಿಗುರು ಬಿಸಿಲಿಗೆ ಮೊದಲು ಬಲಿಯಾಗುತ್ತದೆ. ಗಿಡ ಸವರುವುದನ್ನೂ ಮುಂದೂಡಿ, ಒಣಗಿದಂತೆ ಕಾಣುವ ಹೊರಗಿನ ಎಲೆಗಳೂ ಒಳಗಿನ ಕಾಯಿಗೂ ತೊಗಟೆಗೂ ನೆರಳಾಗಿರುತ್ತವೆ. ನಾಟಿ ಮಾಡುವುದು, ಕುಂಡ ಬದಲಿಸುವುದು, ನೆಲ ಅಗೆಯುವುದು ಯಾವುದೂ ಬೇಡ. ಎಣ್ಣೆ ಅಥವಾ ಗಂಧಕ ಇರುವ ಸಿಂಪಡಣೆಗಳು 32 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಎಲೆಗಳನ್ನೇ ಸುಡುತ್ತವೆ.

ಕೀಟಗಳಲ್ಲಿ ಈ ಹವೆಗೆ ಕಾದು ಕುಳಿತಿರುವುದು ನುಸಿ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆಗಳು ಕಂಡರೆ ಎಲೆಯನ್ನು ತಿರುವಿ ನೋಡಿ; ಕಣ್ಣಿಗೆ ಕಾಣಲೊಲ್ಲದಷ್ಟು ಚಿಕ್ಕ ನುಸಿಗಳೂ ತೆಳು ಬಲೆಯೂ ಅಡಿಯಲ್ಲಿರುತ್ತವೆ. ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಬಿರುಸಾಗಿ ನೀರು ಹಾಯಿಸುವುದನ್ನು ಕೆಲವು ದಿನ ಮುಂದುವರಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟೇ ಸಾಕು.

ಟೊಮೆಟೊ ಬೆಳೆದವರಿಗೆ ಒಂದು ಮಾತು. ಹಗಲು 35 ಡಿಗ್ರಿ, ರಾತ್ರಿ 24 ಡಿಗ್ರಿ ದಾಟಿದ ದಿನಗಳಲ್ಲಿ ಪರಾಗ ಕೆಟ್ಟು ಹೂವು ಉದುರುತ್ತದೆ. ಅದು ರೋಗವಲ್ಲ, ಅದಕ್ಕೆ ಔಷಧಿಯೂ ಇಲ್ಲ. ತಂಪಾದ ಮೇಲೆ ಗಿಡ ಮತ್ತೆ ಕಾಯಿ ಹಿಡಿಯುತ್ತದೆ. ಕಾಯಿಯ ತುದಿ ಕಪ್ಪಾಗಿ ಕುಳಿಬಿದ್ದರೆ ಬಹುಪಾಲು ಕಾರಣ ಮಣ್ಣಿನಲ್ಲಿ ಸುಣ್ಣದ ಅಂಶ ಇಲ್ಲದಿರುವುದಲ್ಲ, ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಕ್ಯಾಲ್ಸಿಯಂ ಕಾಯಿಯವರೆಗೆ ತಲುಪದಿರುವುದು. ಬಣ್ಣ ತಿರುಗತೊಡಗಿದ ಹಣ್ಣುಗಳನ್ನು ಕಿತ್ತು ಒಳಗಿಟ್ಟು ಮಾಗಿಸಿದರೆ ಗಿಡದ ಹೊರೆ ಇಳಿಯುತ್ತದೆ, ಹಣ್ಣೂ ಬಿಸಿಲಿಗೆ ಬೇಯುವುದು ತಪ್ಪುತ್ತದೆ.

ಎಂಟನೆಯ ಹೆಜ್ಜೆ: ಬಳಸಿದ ನೀರನ್ನು ಅರಿತು ಬಳಸಿ

ತರಕಾರಿ ಅಕ್ಕಿ ತೊಳೆದ ನೀರನ್ನು ಯಾವ ಗಿಡಕ್ಕಾದರೂ ಹಾಕಬಹುದು. ಸ್ನಾನದ ಮತ್ತು ಬಟ್ಟೆ ಜಾಲಿಸಿದ ನೀರನ್ನು ಮರಗಳಿಗೆ, ಹೂಗಿಡಗಳಿಗೆ ಹಾಕಬಹುದು, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ. ಬ್ಲೀಚು ಅಥವಾ ಬೋರಾಕ್ಸ್ ಬೆರೆತ ನೀರು ಯಾವುದಕ್ಕೂ ಬೇಡ. ಇಂಥ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ಎಲೆಗೆ ತಾಗಿಸದೆ ಮಣ್ಣಿಗೇ ಹಾಕಬೇಕು, ಜಾಗವನ್ನು ಆಗಾಗ ಬದಲಿಸಬೇಕು. ಏರ್ ಕಂಡಿಷನರಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲದಿರುವುದರಿಂದ ಅಲಂಕಾರಿಕ ಗಿಡಗಳಿಗೆ ಒಳ್ಳೆಯದು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಮಾತ್ರ ಮೂಲನೀರಿಗಿಂತ ಲವಣ ಹೆಚ್ಚಿರುತ್ತದೆ. ಅದನ್ನೇ ದಿನವೂ ಹಾಕದೆ ಸಿಹಿನೀರಿನೊಡನೆ ಸರದಿಯಲ್ಲಿ ಬಳಸಿ. ಮಣ್ಣಿನ ಮೇಲೆ ಬಿಳಿಯ ಪುಡಿ ಕಟ್ಟಿ, ಎಲೆಯಂಚು ಕಂದಾಗತೊಡಗಿದರೆ ಲವಣ ಕೂಡಿದೆಯೆಂದು ತಿಳಿದು, ಒಮ್ಮೆ ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ ಅದನ್ನು ಬೇರಿನ ಕೆಳಕ್ಕೆ ಇಳಿಸಬೇಕು.

ಬಿಸಿಲು ಇಳಿದ ಮೇಲೆ

ಮೊದಲ ಮಳೆಯ ನೀರು ಗಟ್ಟಿಯಾದ ನೆಲದಲ್ಲಿ ಇಂಗದೆ ಹರಿದುಹೋಗುವುದರಿಂದ, ಮಳೆ ಬಂದ ಮರುದಿನವೂ ಸಲಾಕೆ ಒತ್ತಿ ಆಳವನ್ನು ನೋಡುವುದು ಒಳ್ಳೆಯದು. ಬೋಳಾಗಿ ನಿಂತ ಮರವನ್ನು ಸತ್ತಿತೆಂದು ಕಡಿಯಲು ಅವಸರಪಡಬೇಡಿ. ಎಲೆ ಉದುರಿಸುವುದು ಎಷ್ಟೋ ಮರಗಳು ನೀರು ಉಳಿಸಲು ಹಿಡಿಯುವ ಉಪಾಯ. ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಆ ಭಾಗ ಬದುಕಿದೆ. ಕಂದಾಗಿ ಒಣಗಿದ್ದರೆ ಸ್ವಲ್ಪ ಕೆಳಗೆ, ದಪ್ಪ ಕೊಂಬೆಯಲ್ಲಿ, ಕೊನೆಗೆ ಕಾಂಡದ ಬುಡದಲ್ಲಿ ಕೆರೆದು ನೋಡಿ. ಹಸಿರು ಎಲ್ಲಿಂದ ಆರಂಭವಾಗುತ್ತದೋ ಅಲ್ಲಿಯವರೆಗೆ ಮಾತ್ರ ಸವರಬೇಕು, ಅದೂ ಚಿಗುರು ಒಡೆದು ಯಾವುದು ಉಳಿದಿದೆಯೆಂಬುದು ಖಚಿತವಾದ ಮೇಲೆ. ಹೊಸ ಎಲೆಗಳು ಪೂರ್ತಿ ಅರಳಿದ ನಂತರ ಬುಡಕ್ಕೆ ತೆಳುವಾಗಿ ಕಾಂಪೋಸ್ಟ್ ಹಾಕಿ. ಒಂದು ಕೊಂಬೆಯೂ ಚಿಗುರದ ಮರವನ್ನು ಇಡೀ ಒಂದು ಮಳೆಗಾಲ ಕಾದು ನೋಡಿದ ಮೇಲೆಯೇ ತೆಗೆಯಿರಿ.